ಅತ್ತೆ ಕೂತ ಕುರ್ಚಿ

ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಹೊರಡುವ ದಿನ ಬೆಳಿಗ್ಗೆ ಎದ್ದು ನೋಡಿದರೆ ಮನೆಯಲ್ಲಿ ಅತ್ತೆಯೇ ಇಲ್ಲ. ಅಂದಿನಿಂದ ಮಗುವನ್ನು ನೋಡಿಕೊಳ್ಳಬೇಕಾಗಿದ್ದವರು ಅವರೇ. ಹಾಲು ತರಲು ಹೋಗಿರಬೇಕು ಎಂದುಕೊಂಡು ತಲೆ ಬಾಚಿಕೊಂಡೆ, ಮಗುವಿಗೆ ಹಾಲೂಡಿಸಿದೆ. ಅತ್ತೆಯ ಸುಳಿವಿಲ್ಲ.

ಗಡ್ಡಕ್ಕೆ ಸೋಪು ಹಚ್ಚಿಕೊಳ್ಳುತ್ತಿದ್ದ ಗಂಡನನ್ನು ಕೇಳಿದೆ. "ಅತ್ತೆ ಎಲ್ಲಿ?"

"ಅಮ್ಮ ಆಗಲೇ ಹೋದ್ಲಲ್ಲ."

"ಎಲ್ಲಿಗೆ?"

"ಇನ್ನೆಲ್ಲಿಗೆ, ಕೆಲಸಕ್ಕೆ." ಕನ್ನಡಿಯಲ್ಲಿ ನನ್ನ ಮುಖ ನೋಡಿ, "ನೀವಿಬ್ರೂ ಮಾತಾಡ್ಕೊಂಡಿದ್ದೀರಿ ಅಂದ್ಕೊಂಡಿದ್ದೆ," ಎಂದ.

ಬಸ್ಸು ಓಡಿಸುವ ಮನುಷ್ಯ, ಹಿಂದೆ ಬರುವ ಸೈಕಲ್ಲೂ ಕಣ್ಣಿಗೆ ಬೀಳುತ್ತದೆ. ಸ್ವಂತ ಮನೆಯೊಳಗೆ ನಡೆಯುವುದು ಮಾತ್ರ ಕಾಣುವುದಿಲ್ಲ. ಪಾಳಿಗೆ ಹೊತ್ತಾಯಿತೆಂದು ಮುಖ ಒರೆಸಿಕೊಂಡು ಹೊರಟೇಬಿಟ್ಟ. ಮಗುವನ್ನು ಹೆಗಲಿಗೆ ಹಾಕಿಕೊಂಡು ನಾನೂ ಹೊರಟೆ.

ನನ್ನದು ಹಲ್ಲಿನ ಸೆಟ್ಟು ಮಾಡುವ ಕೆಲಸ. ದಂತವೈದ್ಯರು ಕಳಿಸುವ ಅಚ್ಚಿನ ಮೇಲೆ ಮೇಣ ಹಾಕಿ, ಒಂದೊಂದೇ ಹಲ್ಲು ಕೂರಿಸಿ, ಸಣ್ಣ ಚಾಕುವನ್ನು ದೀಪಕ್ಕೆ ಹಿಡಿದು ಕಾಯಿಸಿ ಒಸಡು ತೀಡಬೇಕು. ಊರಿನ ಅರ್ಧಕ್ಕರ್ಧ ಮುದುಕರು ನಗುವುದು ನನ್ನ ಹಲ್ಲಿನಲ್ಲೇ. ನಮ್ಮಲ್ಲೊಂದು ಪದ್ಧತಿ: ರಜೆ ಹೋಗುವವರು ತಮ್ಮ ಕುರ್ಚಿಗೆ ತಾವೇ ಬದಲಿಯನ್ನು ತಯಾರು ಮಾಡಿ ಕೂರಿಸಿ ಹೋಗಬೇಕು. ಹಿಂದೆ ಒಬ್ಬಳು ತನ್ನ ಗೆಳತಿಯನ್ನು ಕೂರಿಸಿ ಹೋಗಿದ್ದಳು; ವಾಪಸ್ ಬಂದಾಗ ಕುರ್ಚಿಯೂ ಇರಲಿಲ್ಲ, ಗೆಳೆತನವೂ ಇರಲಿಲ್ಲ. ನಾನು ಅಷ್ಟು ದಡ್ಡಿಯೇ? ಬಸುರಿಯಾಗಿದ್ದಾಗ ಅಡುಗೆಮನೆಯ ಮೇಜಿನ ಮೇಲೆ ಮೇಣ ಹರಡಿ ಅತ್ತೆಗೇ ಕಲಿಸಿ, ರಜೆ ಮುಗಿಯುವವರೆಗೆ ನನ್ನ ಕುರ್ಚಿಯಲ್ಲಿ ಕೂರಿಸಿದೆ. "ಅಯ್ಯೋ, ನನ್ನ ಕೈಲಿ ಎಲ್ಲಾಗುತ್ತೆ," ಎಂದು ನಕ್ಕಿದ್ದರು. ಈ ವಯಸ್ಸಿನಲ್ಲಿ ಅವರೇನು ನನ್ನ ಜಾಗ ಹೊಡೆದುಕೊಳ್ಳುತ್ತಾರೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಬಾಗಿಲು ತಳ್ಳಿದವಳು ನಿಂತಲ್ಲೇ ನಿಂತೆ. ಕಿಟಕಿ ಪಕ್ಕದ ನನ್ನ ಕುರ್ಚಿಯಲ್ಲಿ ಅತ್ತೆ. ನನ್ನ ಏಪ್ರನ್ನು, ನನ್ನ ದೀಪ, ಹಣೆಗೆ ಕಟ್ಟಿಕೊಂಡ ನನ್ನ ಭೂತಗನ್ನಡಿ. ಏಳುವುದಿರಲಿ, ಕೈಯಲ್ಲಿದ್ದ ಚಾಕುವನ್ನೂ ಕೆಳಗಿಡಲಿಲ್ಲ.

"ನೀನ್ಯಾಕಮ್ಮ ಬಂದೆ?" ಮಾಲೀಕರು ಕೇಳಿದರು. "ಮಗು ನೋಡ್ಕೊಳ್ಳೋಕೆ ನೀನು ಕೆಲಸ ಬಿಟ್ಟೆ ಅಂತ ನಿಮ್ಮತ್ತೆ ಹೇಳಿದ್ರಲ್ಲ?"

ಹಿಂದಿನ ಸಂಜೆ ನನ್ನ ಬಟ್ಟೆಗೆ ಇಸ್ತ್ರಿ ಹಾಕಿಕೊಟ್ಟವರು ಇದೇ ಅತ್ತೆ!

"ಅತ್ತೆ, ಏನಿದು?"

"ಇರು, ಮೇಣ ಆರಿಹೋಗುತ್ತೆ." ತೀಡಿ ಮುಗಿಸಿಯೇ ತಲೆ ಎತ್ತಿದರು. "ನಿಂಗೆ ಹೇಳೋಕೆ ಧೈರ್ಯ ಸಾಲ್ಲಿಲ್ಲ ಕಣೇ. ಮದುವೆಯಾಗಿ ಬಂದಾಗಿಂದ ಆ ಮನೇಲಿ ದುಡಿದೆ. ನಂಗೆ ಯಾರಾದ್ರೂ ಬದಲಿ ಬಂದ್ರಾ? ಇಲ್ಲಿ ಸಂಜೆ ದೀಪ ಆರಿಸಿದ್ರೆ ಕೆಲಸ ಮುಗೀತು. ಮುಗಿಯೋ ಕೆಲಸ ಅಂತ ಒಂದಿರುತ್ತೆ ಅನ್ನೋದೇ ನಂಗೆ ಗೊತ್ತಿರ್ಲಿಲ್ಲ. ನಾನು ಏಳಲ್ಲ."

ಮೈ ಉರಿದುಹೋಯಿತು. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ ಎಂಬುದಕ್ಕೆ ಇನ್ನಷ್ಟು ಉರಿಯಿತು. "ಅದಕ್ಕೆ ನನ್ನ ಕುರ್ಚಿ ಕಿತ್ಕೋತೀರಾ? ನಾನೇ ಕಲಿಸಿದ್ದು!" ಎಂದು ಕಿರುಚಿದೆ. ಕೊಂಕು ತೆಗೆಯೋಣವೆಂದು ಅವರ ಮುಂದಿದ್ದ ಸೆಟ್ಟನ್ನು ದಿಟ್ಟಿಸಿದೆ. ದರಿದ್ರದ ಒಸಡು, ಬಹಳ ಚೆನ್ನಾಗಿ ಬಂದಿತ್ತು.

"ಮನೆ ಜಗಳ ಮನೇಲಿಟ್ಕೊಳ್ಳಿ," ಎಂದರು ಮಾಲೀಕರು. "ಇರೋದೊಂದು ಕುರ್ಚಿ. ಕೂತವರು ಕೆಲಸ ಮಾಡಿ, ನಿಂತವರು ಮನೆಗೆ ಹೋಗಿ."

ಬಾಗಿಲ ಬಳಿಯ ಬೆಂಚಿನ ಮೇಲೆ ಶಾಲು ಹಾಸಿ ಮಗುವನ್ನು ಮಲಗಿಸಿ ಮಾಲೀಕರ ಮೇಜಿನ ಹತ್ತಿರ ಹೋದೆ. ನನ್ನ ಸಂಪಾದನೆ ನಿಂತರೆ ನಾನು ಆ ಮನೆಯಲ್ಲಿ ಏನಾಗಿಬಿಡುತ್ತೇನೆ ಎಂದು ಅತ್ತೆಯನ್ನು ನೋಡಿಯೇ ಕಲಿತಿದ್ದೆ. ಬೇಡಿಕೊಂಡೆ. ಕಾಲು ಹಿಡಿಯುವುದೊಂದು ಬಾಕಿ. ಅಷ್ಟರಲ್ಲಿ ಮಗು ಕಿಟಾರನೆ ಕಿರುಚಿತು. ಬೆಂಚಿನ ಅಂಚಿಗೆ ಹೊರಳಿತ್ತು.

ನಾನು ತಿರುಗುವುದರೊಳಗೆ ಅತ್ತೆ ಚಾಕು ಬಿಸುಟು ಓಡಿದ್ದರು. ಭೂತಗನ್ನಡಿಯನ್ನೂ ಬಿಚ್ಚದೆ ಮಗುವನ್ನು ಎದೆಗೆ ಅವಚಿಕೊಂಡು, "ಏನಿಲ್ಲ ಕಂದ, ಏನಿಲ್ಲ," ಎಂದು ಬೆನ್ನು ಸವರುತ್ತಿದ್ದರು.

ನಾನು ಕುರ್ಚಿಯಲ್ಲಿ ಕೂತುಬಿಟ್ಟಿದ್ದೆ.

ಯಾವಾಗ ಕೂತೆನೋ ನನಗೇ ತಿಳಿಯಲಿಲ್ಲ. ಕುರ್ಚಿ ಇನ್ನೂ ಬೆಚ್ಚಗಿತ್ತು. ಅತ್ತೆ ತಿರುಗಿ ನೋಡಿದರು. ಮಾಲೀಕರು ತಮ್ಮ ಕೆಲಸಕ್ಕೆ ತಿರುಗಿದರು. ಮಗುವಿನ ಅಳು ಕೇಳಿ ಎದೆಹಾಲು ಸೋರಿ ನನ್ನ ಅಂಗಿ ಒದ್ದೆಯಾಗುತ್ತಿತ್ತು. ಎದ್ದರೆ ಮತ್ತೆ ಯಾರು ಕೂರುತ್ತಾರೋ! ನಾನು ಏಳಲಿಲ್ಲ. ಇಂಥವಳು ನಾನು ಎಂದು ಅಂದಿನವರೆಗೆ ನನಗೆ ಗೊತ್ತಿರಲಿಲ್ಲ.

ಅತ್ತೆ ಹತ್ತಿರ ಬಂದರು. ಬೈಯುತ್ತಾರೆ ಎಂದು ತಲೆ ತಗ್ಗಿಸಿದೆ. ಅವರು ಒಂದೇ ಕೈಯಲ್ಲಿ ಏಪ್ರನ್ನಿನ ಗಂಟು ಬಿಚ್ಚಿದರು, ಭೂತಗನ್ನಡಿ ತೆಗೆದು ನನ್ನ ಮುಂದಿಟ್ಟರು.

"ಎಡಗಡೆ ಕೊನೇ ಹಲ್ಲು ಇನ್ನೂ ಸರಿಯಾಗಿ ಕೂತಿಲ್ಲ," ಎಂದರು. "ನೋಡ್ಕೋ."

ಮಗುವನ್ನು ಹೊತ್ತುಕೊಂಡು ಅವರು ಬಾಗಿಲು ದಾಟಿದರು. ಚಾಕುವನ್ನು ದೀಪಕ್ಕೆ ಹಿಡಿದೆ. ಆ ಹಲ್ಲನ್ನು ಮುಟ್ಟಲು ಮಾತ್ರ ಆಗಲೇ ಇಲ್ಲ.