ಕಣ್ಣೆತ್ತರಕ್ಕೆ ಹಿಡಿದ ಬಟ್ಟಲು

ಕೋಟೆಯಿಂದ ಸಂಬಳವಾಗಿ ಬರುತ್ತಿದ್ದ ಅಕ್ಕಿ ನಿಂತ ವರ್ಷ ನಾವು ಶಿರುಕೊ ಅಂಗಡಿ ಇಟ್ಟೆವು. ಕೆಂಪುಕಾಳನ್ನು ಸಕ್ಕರೆ ಹಾಕಿ ಕುದಿಸಿ, ಕುಟ್ಟಿದ ಅನ್ನದ ಉಂಡೆಯನ್ನು ಸುಟ್ಟು ಅದರಲ್ಲಿ ಬಿಟ್ಟು ಕೊಡುವ ಸಿಹಿ. ಬೇಯಿಸುವುದು ನನಗೆ ಗೊತ್ತಿತ್ತು. ಮಾರುವುದು ನಮ್ಮ ಯಜಮಾನರಿಗೆ, ನಾಗಾನುಮಾ ಕಿಹೇ ಅವರಿಗೆ, ಗೊತ್ತಿರಲಿಲ್ಲ. ಸಮುರಾಯಿ ಮನೆತನದವರು. ಬಾಗಿಲಿಗೆ ಎದುರಾಗಿ ಬೆನ್ನು ನೆಟ್ಟಗೆ ಮಾಡಿ, ಕೋಟೆ ಕಾವಲಿಗೆ ಕೂತ ಹಾಗೆ ಕೂರುತ್ತಿದ್ದರು. ಬಂದ ರೈತರು ಹೊಸ್ತಿಲಲ್ಲೇ ನೆಲಕ್ಕೆ ಹಣೆ ಹಚ್ಚಿ, "ತಪ್ಪಾಯ್ತು ಧಣಿ, ಅಂಗಡಿ ಅಂದ್ಕೊಂಡ್ವಿ" ಎಂದು ಹಿಂದೆ ಸರಿಯುತ್ತಿದ್ದರು.

"ಅಂಗಡೀನೇ ಕಣಯ್ಯಾ! ನಿಲ್ಲು!" ಎಂದು ಇವರು ಗುಡುಗಿದರೆ ಓಡಿಯೇ ಹೋಗುತ್ತಿದ್ದರು.

ಒಸಾಕಾದಲ್ಲಿದ್ದ ಭಾವನಿಗೆ, ಇವರ ಅಣ್ಣನಿಗೆ, ಮಕ್ಕಳಿರಲಿಲ್ಲ. ಚೆರ್ರಿ ಹೂ ಬಿಡುವಷ್ಟರಲ್ಲಿ ಅಂಗಡಿ ಹಿಡಿತಕ್ಕೆ ಬಾರದಿದ್ದರೆ ನಮ್ಮ ತಾಮಿಯನ್ನು ದತ್ತು ಕೊಡಿ ಎಂದು ಕೇಳಿದ್ದರು. ಇವರು ಆಗಲಿ ಎಂದುಬಿಟ್ಟಿದ್ದರು. ಏಳು ವರ್ಷದ ಮಗಳು. ಇವರು ಕೊಟ್ಟ ಮಾತು ಹಿಂದೆಗೆಯುವವರಲ್ಲ. ಹಾಗಾದರೆ ಅಂಗಡಿ ನಡೆಯಲೇಬೇಕು, ಅಷ್ಟೇ. ಕಾಳು ತೊಳೆಯುವಾಗಲೆಲ್ಲ ನನಗೆ ಅದೇ ಯೋಚನೆ.

"ರೀ, ಬಂದವರ ಮುಂದೆ ಸ್ವಲ್ಪ ನಗಿ."

"ನಗ್ತಾನೇ ಇದೀನಲ್ಲ."

"ಅದು ನಗುವಾ ಅಪ್ಪಾ? ಹಲ್ಲುನೋವು ಅಂದ್ಕೊಂಡಿದ್ದೆ" ಎಂದಳು ತಾಮಿ.

ಒಂದು ದಿನ ಮೂಲಂಗಿ ಮಾರುವ ಮುದುಕ ಗೊನ್ಸಾಕು ಒಳಗೆ ಬಂದ. ಕಣ್ಣು ಮಂದ. ಬೆಂಚಿನ ಮೇಲೆ ಕೂತು, "ಒಂದು ಬಟ್ಟಲು ಕೊಡಮ್ಮಾ" ಎಂದ ಮೇಲೇ ಇವರನ್ನು ಕಂಡಿದ್ದು. ಗಾಬರಿಯಿಂದ ಎದ್ದ.

"ಕೂತ್ಕೋ!" ಎಂದರು ಇವರು. ಕೂತ.

ನನ್ನ ಕೈಯಿಂದ ಬಟ್ಟಲನ್ನು ಇವರೇ ತೆಗೆದುಕೊಂಡರು. ಬಟ್ಟಲು ಕೊಡುವುದು ಇವರಿಗೆ ಗೊತ್ತಿದ್ದದ್ದು ಒಂದೇ ರೀತಿ. ಹದಿನೆಂಟು ವರ್ಷ ಪ್ರಭುಗಳಿಗೆ ಊಟ ಹೊತ್ತವರು. ಉಸಿರು ತಾಗದಂತೆ ಎರಡೂ ಕೈಯಲ್ಲಿ ಕಣ್ಣೆತ್ತರಕ್ಕೆ ಹಿಡಿದು, ಪಾದ ಎತ್ತದೆ ನೆಲ ಸವರುತ್ತಾ ಹೋಗಿ, ಮಂಡಿಯೂರಿ ಇಟ್ಟು, ಬೆನ್ನು ತೋರಿಸದೆ ಹಿಂದಕ್ಕೆ ಬಂದರು.

ಗೊನ್ಸಾಕು ಕೈ ಹಿಂದಕ್ಕೆಳೆದುಕೊಂಡ. "ಧಣಿ, ಇದು ಕತ್ತು ಕಡಿಯೋಕೆ ಮುಂಚೆ ಕೊಡೋ ಊಟನಾ?"

"ತಿನ್ನು. ಆರಿಹೋಗತ್ತೆ."

ತಿಂದ. ಅರ್ಧ ಮುಗಿಯುವಷ್ಟರಲ್ಲಿ ಅವನ ಗೂನು ಬೆನ್ನು ಮೆಲ್ಲಗೆ ನೆಟ್ಟಗಾಯಿತು. "ಇನ್ನೊಂದು ತರ್ತೀರಾ? ಹಾಗೇ, ಎತ್ತಿ ಹಿಡ್ಕೊಂಡು?"

ಇವರು ಮುಖ ಕೆಂಪಗೆ ಮಾಡಿಕೊಂಡು ಒಲೆಯ ಹತ್ತಿರ ಬಂದರು. "ಪ್ರಭುಗಳಿಗೆ ಸಲ್ಲೋದನ್ನ ಮೂಲಂಗಿಯವನಿಗೆ ಮಾಡಿಬಿಟ್ಟೆ ಕಣೇ. ಕೋಟೆ ಮರ್ಯಾದೆ ಏನಾಯ್ತು?"

"ಕೋಟೆ ಹರಾಜಾಯ್ತಲ್ಲ. ಮರ್ಯಾದೆ ನಿಮ್ಮ ಕೈಯಲ್ಲೇ ಇದೆ. ಇನ್ನು ಕೂಗಬೇಡಿ, ನಗಲೂ ಬೇಡಿ. ಇದೊಂದೇ ಮಾಡಿ ಸಾಕು." ಬಟ್ಟಲು ಚಾಚಿದೆ.

ಇವರ ಎರಡೂ ಕೈ ಮುಂದೆ ಬಂದವು.

ಮರುದಿನ ಗೊನ್ಸಾಕು ಹೆಂಡತಿಯನ್ನು ಕರೆತಂದ. ಗಂಡನಿಗಿಂತ ಮುಂಚೆ ಎಂದೂ ಉಣ್ಣದ ಆಕೆಯ ಮುಂದೆ ಇವರು ಮೊದಲ ಬಟ್ಟಲು ಇಟ್ಟರು. ವಾರ ಕಳೆಯುವಷ್ಟರಲ್ಲಿ ಬಡಗಿಗಳು, ಊರ ಸ್ನಾನದ ಮನೆ ನಡೆಸುವವಳು, ದೋಣಿಯವರು ಬೆಂಚಿನ ಮೇಲೆ ಸಾಲಾಗಿ, ಗಂಭೀರವಾಗಿ ಕೂತು ಕಾಯುತ್ತಿದ್ದರು. ನಾನು ಇನ್ನೊಂದು ಒಲೆ ಹಾಕಿಸಿದೆ.

ಮೊಗ್ಗು ಬಿರಿಯುವ ಮುಂಚೆಯೇ ಇವರು ಅಣ್ಣನಿಗೆ ಬರೆದರು: "ಅಂಗಡಿ ನಡೆಯುತ್ತಿದೆ. ತಾಮಿ ಬರುವುದಿಲ್ಲ."

ಇಷ್ಟು ಒರಟಾಗಿ ಕಳಿಸಲು ನನಗೆ ಮನಸ್ಸು ಬರಲಿಲ್ಲ. ಕೈ ಒರೆಸಿಕೊಂಡು ಕೆಳಗೆ ಎರಡು ಸಾಲು ಸೇರಿಸಿದೆ: "ಭಾವ, ಅಕ್ಕನನ್ನು ಕರೆದುಕೊಂಡು ನೀವೇ ಬನ್ನಿ. ತಿಂಗಳುಗಟ್ಟಲೆ ಇರಿ, ತಾಮಿ ನಿಮ್ಮ ಜೊತೆ ಮಲಗುತ್ತಾಳೆ."