ಹೆಂಡತಿಯ ಗುರುತಿನ ಚೀಟಿ ಕೇಳಿದವನು

ಲೋಕೇಶ ಹೊಟ್ಟೆಕಿಚ್ಚು ಪಟ್ಟದ್ದು ಕಟ್ಟಿಕೊಂಡ ಹೆಂಡತಿಯನ್ನು ಕಂಡು. ಅದಕ್ಕೆ ಬೇಸರ, ಸುಸ್ತು, ಗ್ಯಾಸ್ಟ್ರಿಕ್ ಅಂತೆಲ್ಲ ಹೆಸರಿಟ್ಟು ನೋಡಿದ. ಯಾವ ಹೆಸರಿಟ್ಟರೂ ಉರಿ ಮಾತ್ರ ಆರಲಿಲ್ಲ.

ಕನಕಪುರದ ಬಸ್ ಸ್ಟ್ಯಾಂಡ್ ಹಿಂದೆ, ಮೆಡಿಕಲ್ ಸ್ಟೋರಿನ ಮಹಡಿಯಲ್ಲಿ ಗಂಡಹೆಂಡಿರ ಕಂಪ್ಯೂಟರ್ ತರಬೇತಿ ಕೇಂದ್ರವಿತ್ತು. ಅದು ಎರಡು ಸಾವಿರದ ಎಂಟನೇ ಇಸವಿ. ಲೋಕತುಂಬ ಇರುವ ಉತ್ಸಾಹಿಗಳು ಸೇರಿ ಕಟ್ಟಿ, ಎಲ್ಲರಿಗೂ ಪುಕ್ಕಟೆ ಹಂಚುತ್ತಿದ್ದ ಒಂದು ಆಪರೇಟಿಂಗ್ ಸಿಸ್ಟಂನ ಬಳಗಕ್ಕೆ ಲೋಕೇಶ ಸದಸ್ಯನಾಗಿದ್ದ. ಅದರೊಳಕ್ಕೆ ಯಾವ ಪ್ರೋಗ್ರಾಮ್ ಸೇರಬೇಕಾದರೂ ಯಾರಾದರೊಬ್ಬರು ಅದನ್ನು ಪ್ಯಾಕೇಜ್ ಮಾಡಬೇಕು. ಬರೆದವರು ಯಾರು, ಜೊತೆಗೆ ಇನ್ನೇನು ಬೇಕು, ಎಲ್ಲ ಜಾತಿಯ ಯಂತ್ರದಲ್ಲೂ ನಡೆಯುತ್ತದೆಯೇ ಎಂದು ನೋಡಿ ಗಂಟು ಕಟ್ಟಿ ಕೊಡಬೇಕು. ಕಟ್ಟಿದವರ ಹೆಸರು ಆ ಗಂಟಿನ ಜೊತೆಗೇ ಲೋಕ ಸುತ್ತುತ್ತದೆ. ಲೋಕೇಶ ಒಂದು ಕ್ಯಾಲೆಂಡರ್ ಪ್ರೋಗ್ರಾಮನ್ನು ಹೀಗೆ ಕಟ್ಟಿ ಒಳಗೆ ಸೇರಿದ್ದ. ತಾಲ್ಲೂಕಿಗೆಲ್ಲ ತಾನೊಬ್ಬನೇ ಎಂದು ಹೊಸ ಬ್ಯಾಚಿನ ಹುಡುಗರಿಗೆ ಮೊದಲ ದಿನವೇ ಹೇಳದೆ ಅವನಿಗೆ ಸಮಾಧಾನವಿರುತ್ತಿರಲಿಲ್ಲ.

ಆಮೇಲೆ ಅವನು ಕೈಹಾಕಿದ್ದು ಒಂದು ಹ್ಯಾಶ್ ಲೈಬ್ರರಿಗೆ. ಎಷ್ಟು ದೊಡ್ಡ ಕಡತ ಕೊಟ್ಟರೂ ಅದನ್ನು ಅರೆದು ಒಂದು ಪುಟ್ಟ ಸಂಖ್ಯೆ ಮಾಡಿ ಕೊಡುವ ಸಾಮಾನು ಅದು. ಕಡತದಲ್ಲಿ ಒಂದಕ್ಷರ ಬದಲಾದರೂ ಸಂಖ್ಯೆಯೇ ಬೇರೆಯಾಗುತ್ತದೆ, ಯಾರಾದರೂ ಕದ್ದು ತಿದ್ದಿದ್ದರೆ ಸಿಕ್ಕಿಬೀಳುತ್ತದೆ. ಲೋಕೇಶನ ಯಂತ್ರದಲ್ಲಿ ಎಲ್ಲ ಸರಿ ಬಂತು. ಬೇರೆ ಕೆಲವು ಯಂತ್ರಗಳಲ್ಲಿ ಅದೇ ಕಡತಕ್ಕೆ ಬೇರೆ ಸಂಖ್ಯೆ ಬಂತು. ತಿಂಗಳುಗಟ್ಟಲೆ ತಿಣುಕಿ, ಲೈಬ್ರರಿಯೇ ಕೆಟ್ಟದ್ದು ಎಂದು ಬೈದು ಕೈಬಿಟ್ಟ.

ಅವನು ಬಿಟ್ಟದ್ದನ್ನು ಹೆಂಡತಿ ನವ್ಯಶ್ರೀ ಎತ್ತಿಕೊಂಡಳು. ಆ ಯಂತ್ರಗಳು ಅಂಕಿಗಳನ್ನು ಹಿಂದುಮುಂದಾಗಿ ಜೋಡಿಸಿಡುತ್ತವೆ, ಲೈಬ್ರರಿ ಅದನ್ನು ಕೇಳದೆಯೇ ಓದುತ್ತದೆ ಎಂಬುದನ್ನು ಮುದ್ದೆಗೆ ಎಸರಿಟ್ಟು ಕಾಯುವ ಹೊತ್ತಿನಲ್ಲೇ ಕಂಡುಹಿಡಿದಳು, ಆಮೇಲೆ ಅದನ್ನು ತಿದ್ದಿ ಗಂಟೂ ಕಟ್ಟಿದಳು. ಲೋಕೇಶನ ಪತ್ರಗಳಿಗೆ ಅರ್ಧ ಸಾಲಿನ ಉತ್ತರ ಕೊಡುತ್ತಿದ್ದ ದೊಡ್ಡ ದೊಡ್ಡವರು ಅವಳನ್ನು ಹೊಗಳಿ ಪುಟಗಟ್ಟಲೆ ಬರೆದರು. ಅವನು ಒಂದೊಂದನ್ನೂ ಮತ್ತೆ ಮತ್ತೆ ಓದಿದ. ಅವತ್ತಿನ ಸಾರು ಉಪ್ಪು ಎಂದು ತಟ್ಟೆ ತಳ್ಳಿ ಎದ್ದ. ಸಾರು ಸರಿಯಾಗಿಯೇ ಇತ್ತು.

ಇನ್ನು ಉಳಿದದ್ದು ಒಂದೇ ಶಾಸ್ತ್ರ. ಹೊಸಬರಿಗೆ ಒಂದು ಡಿಜಿಟಲ್ ಮುದ್ರೆ ಇರಬೇಕು, ಆ ಮುದ್ರೆಗೆ ಹಳೆಯ ಸದಸ್ಯರೊಬ್ಬರು, ಈಕೆಯನ್ನು ನಾನು ಮುಖತಃ ನೋಡಿದ್ದೇನೆ, ಈಕೆ ಈಕೆಯೇ ಎಂದು ಸಹಿ ಹಾಕಬೇಕು. ಹೊಸ ಆವೃತ್ತಿಯ ಬಾಗಿಲು ದೀಪಾವಳಿಗೆ ಮುಚ್ಚುತ್ತಿತ್ತು. ಅಷ್ಟರೊಳಗೆ ಸಹಿ ಬೀಳದಿದ್ದರೆ ಅವಳ ಕೆಲಸ ಹೊರಗೇ ಉಳಿಯುತ್ತಿತ್ತು. ಸದಸ್ಯ ಮನೆಯಲ್ಲೇ ಇದ್ದಾನಲ್ಲ ಎಂದು ಅವಳು ನಿಶ್ಚಿಂತೆಯಾಗಿ ಬಂದು ಕೇಳಿದಳು.

"ಫೋಟೋ ಇರೋ ಕಾರ್ಡ್ ತೋರ್ಸು," ಎಂದ ಲೋಕೇಶ.

ಅವಳು ತಮಾಷೆ ಎಂದುಕೊಂಡು ನಕ್ಕಳು. ಅವನು ನಗಲಿಲ್ಲ. ಸರ್ಕಾರದ ಕಾರ್ಡ್ ನೋಡದೆ ಸಹಿ ಹಾಕಬಾರದು, ರೂಲ್ಸು ರೂಲ್ಸೇ ಎಂದು ಮುಖ ಗಂಟು ಹಾಕಿಕೊಂಡ. ಒಳಗೆ ಬತ್ತಿ ಹೊಸೆಯುತ್ತಿದ್ದ ಅವನ ತಾಯಿ ಸಿದ್ದಮ್ಮನಿಗೆ ತಡೆಯಲಾಗಲಿಲ್ಲ.

"ಕಟ್ಕೊಂಡೋಳು ಯಾರೂಂತ ನಿಂಗೇ ಗೊತ್ತಿಲ್ವೇನ್ಲಾ? ಧಾರೆ ಎರೆಯುವಾಗ ಕಣ್ಣಿಗೆ ಬಟ್ಟೆ ಕಟ್ಕೊಂಡಿದ್ಯಾ?"

ನವ್ಯಶ್ರೀಯ ವೋಟರ್ ಕಾರ್ಡ್ ತವರುಮನೆ ತಿಪ್ಪಸಂದ್ರದಲ್ಲಿತ್ತು. ರಾಮನಗರದಲ್ಲಿ ಬಸ್ಸು ಬದಲಿಸಿ, ಮಾಗಡಿಯಲ್ಲಿ ಮತ್ತೊಂದು ಹಿಡಿದು ಹೋಗಿ, ಅದನ್ನು ತಂದು ಅವನ ಮುಂದಿಟ್ಟಳು. ಅವನಿಗೆ ಅದರಲ್ಲೂ ಕೊಂಕು ಸಿಕ್ಕಿತು. ಮುದ್ರೆಯಲ್ಲಿ ನವ್ಯಶ್ರೀ ಲೋಕೇಶ್ ಎಂದಿದೆ, ಕಾರ್ಡಿನಲ್ಲಿ ಅಪ್ಪನ ಹೆಸರು ಸೇರಿ ನವ್ಯಶ್ರೀ ಚೆಲುವಯ್ಯ ಎಂದಿದೆ, ಇಬ್ಬರೂ ಒಬ್ಬರೇ ಎಂದು ತಾನು ಹೇಗೆ ನಂಬುವುದು ಎಂದು ಕೇಳಿದ. ನಾಚಿಕೆಯಾಗದೆ ಕೇಳಿದ. ಅವಳು ಕಾರ್ಡನ್ನು ಪರ್ಸಿಗೆ ಹಾಕಿಕೊಂಡು ಎದ್ದುಹೋದಳು.

ಮುಂದಿನ ಭಾನುವಾರ ಕೆಲಸವಿದೆ ಎಂದಷ್ಟೇ ಹೇಳಿ ಅವಳು ಬೆಂಗಳೂರಿನ ಬಸ್ ಹತ್ತಿದಳು. ಅವಳು ಅತ್ತ ಹೋದದ್ದೇ ಲೋಕೇಶ ಕೇಂದ್ರದ ಬಾಗಿಲು ಮುಂದೆ ಮಾಡಿ ಅವಳ ಕಂಪ್ಯೂಟರ್ ತೆರೆದ. ಒಂದೇ ಒಂದು ತಪ್ಪು ಸಿಕ್ಕರೆ ಸಾಕಿತ್ತು. ಸಾಲು ಸಾಲಾಗಿ ಕೆದಕಿದ, ಸಿಗಲಿಲ್ಲ. ಕೆಲಸ ಒಪ್ಪವಾಗಿತ್ತು, ಅವನ ಕ್ಯಾಲೆಂಡರಿಗಿಂತ ಎಷ್ಟೋ ಒಪ್ಪವಾಗಿತ್ತು. ಗಂಟು ಕಟ್ಟಿದವರ ಹೆಸರು ಬರೆಯುವ ಕಡೆ ಬಂದಾಗ ಅವನ ಕೈ ನಿಂತಿತು. ನವ್ಯಶ್ರೀ ಲೋಕೇಶ್.

ಅದನ್ನು ಮುದ್ರೆಯಲ್ಲಿ ನೋಡಿದ್ದ, ಆಗ ತಪ್ಪು ಹುಡುಕುವ ಕಣ್ಣಿಗೆ ಬೇರೇನೂ ಕಂಡಿರಲಿಲ್ಲ. ಈಗ ಕಂಡಿತು. ತಾನು ಸೋತ ಕೆಲಸದ ಮೇಲೆ, ಲೋಕದ ಯಂತ್ರಗಳಿಗೆಲ್ಲ ಹೋಗುವ ಗಂಟಿನ ಮೇಲೆ, ತನ್ನ ಹೆಸರೂ ಇತ್ತು. ಯಾರೂ ಕೇಳದೆಯೇ ಅವಳು ಹಾಕಿದ್ದಳು. ಅವನ ಹೊಟ್ಟೆಯ ಉರಿ ಅಷ್ಟಕ್ಕೇ ತಣ್ಣಗಾಯಿತು. ಎಂಥ ಅಲ್ಪನೋ ನೋಡಿ. ಇವತ್ತೇ ಸಹಿ ಹಾಕಿಬಿಡುತ್ತೇನೆ ಎಂದುಕೊಂಡು, ಅವಳಿಗಿಷ್ಟವಾದ ಮಲ್ಲಿಗೆ ಹೂವು ಕಟ್ಟಿಸಿಕೊಂಡು, ಸಂಜೆ ಬಸ್ ಸ್ಟ್ಯಾಂಡಿಗೇ ಹೋಗಿ ಕಾದು ನಿಂತ.

ಅವಳು ಇಳಿದಳು. ಅವನು ಬ್ಯಾಗಿಗೆ ಕೈಚಾಚಿ, ಕಾರ್ಡು ಗೀರ್ಡು ಏನೂ ಬೇಡ, ಮನೆಗೆ ಹೋದ ತಕ್ಷಣ ಸಹಿ ಹಾಕುತ್ತೇನೆ ಎಂದ.

"ಆಯ್ತು ಕಣ್ರೀ ಅದು," ಎಂದಳು ನವ್ಯಶ್ರೀ. "ಬೆಂಗ್ಳೂರ್ನಲ್ಲಿ ಸದಸ್ಯರ ಮೀಟಿಂಗ್ ಇತ್ತು. ನನ್ ಮುಖಾನೇ ನೋಡ್ದೇ ಇದ್ದೋರು ಕಾರ್ಡ್ ನೋಡಿ ನಂಬುದ್ರು, ಸಹಿ ಹಾಕುದ್ರು. ಪ್ಯಾಕೇಜ್ ಅಲ್ಲಿಂದ್ಲೇ ಕಳ್ಸಿ ಬಂದೆ."

ಹೆಸರು ಏನೆಂದು ಹಾಕಿದೆ ಎಂದು ಅವನು ಕೇಳಿದ.

"ಕಾರ್ಡ್ನಲ್ಲಿ ಇರೋದೇ ಹಾಕಿವ್ನಿ. ಹೊಸ ಮುದ್ರೆ ಮಾಡ್ಕೊಂಡೆ, ಪ್ಯಾಕೇಜ್ ಮೇಲೂ ಅದ್ನೇ ಬರ್ದೆ. ರೂಲ್ಸು ರೂಲ್ಸೇ ಅಂದ್ರಲ್ಲ ನೀವು."

ಅವಳ ಮಾತಿನಲ್ಲಿ ಕೋಪವೇನೂ ಇರಲಿಲ್ಲ. ಇದ್ದಿದ್ದರೆ ಅವನು ಒಂದೆರಡು ಮಾತು ಜಗಳವಾಡಿ ಹಗುರಾಗುತ್ತಿದ್ದ. ಅವಳು ಹೂವು ಇಸಕೊಂಡು ಮುಡಿದು, ಅತ್ತೆಗೆ ಮಾತ್ರೆ ತಂದಿರಾ ಎಂದು ಕೇಳುತ್ತಾ ಮುಂದೆ ನಡೆದಳು. ಲೋಕೇಶ ಅವಳ ಬ್ಯಾಗ್ ಹೊತ್ತು ಹಿಂದೆ ನಡೆದ.