ಗೇಟಿನಲ್ಲಿ ಯಂಕಮ್ಮನ ಚೀಲ

ಮಹದೇವಪುರದ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಾನು ಸೆಕ್ಯೂರಿಟಿ. ಈ ಕೆಲಸ ಕೊಡಿಸಿದವಳು ಯಂಕಮ್ಮ. ಅಲ್ಲೇ ಮೇಲಿನ ಮನೆಯೊಂದರಲ್ಲಿ ರೊಟ್ಟಿ ಬಡಿಯುತ್ತಾಳೆ. ನಮ್ಮಿಬ್ಬರ ಬಾಡಿಗೆ ಕೋಣೆಗಳ ನಡುವೆ ಒಂದೇ ಗೋಡೆ. ಸಂಜೆ ಅವಳ ಚೀಲದಲ್ಲಿ ರೊಟ್ಟಿ ಬರುತ್ತಿತ್ತು, ನಾನು ಪುಂಡಿಪಲ್ಯ ಮಾಡುತ್ತಿದ್ದೆ. ಈ ಊರಲ್ಲಿ ನನ್ನದು ಅಂತ ಇದ್ದದ್ದು ಅದೊಂದು ಊಟ.

ಹೋದ ತಿಂಗಳು ಒಂದು ಮನೆಯವರ ಕಿವಿಯೋಲೆ ಕಳೆಯಿತು. ಓಲೆ ಕಳೆದರೆ ಮನೆಯವರು ಮಂಚದ ಕೆಳಗೆ ಹುಡುಕಬೇಕೋ ಬೇಡವೋ? ಇಲ್ಲ, ಕೆಲಸದವರ ಚೀಲ ಹುಡುಕಬೇಕಂತೆ. ಹುಡುಕುವವಳು ನಾನು.

ಎಲ್ಲರ ಚೀಲಕ್ಕೂ ಕೈ ಹಾಕುತ್ತಿದ್ದೆ. ಯಂಕಮ್ಮ ಬಂದಾಗ ಮಾತ್ರ ಮೇಲಿಂದ ಮುಟ್ಟಿ ಬಿಟ್ಟುಬಿಡುತ್ತಿದ್ದೆ. ಉಳಿದವರು ಗೊಣಗಿದರು, ಅವರು ಗೊಣಗಿದ್ದೂ ನ್ಯಾಯವೇ. ಇತ್ತ ನನ್ನ ಕೆಲಸ ಹದಗೆಟ್ಟಿತು. ಸಂಜೆ ಯಂಕಮ್ಮ ಬರುವ ಹೊತ್ತಿನದೇ ಯೋಚನೆ. ಬಿ ಬ್ಲಾಕಿನ ಪಾರ್ಸೆಲ್ಲನ್ನು ಡಿ ಬ್ಲಾಕಿಗೆ ಕಳಿಸಿದೆ. ದಿನಾ ವಾಕಿಂಗ್ ಹೋಗುವ ಅಜ್ಜನನ್ನೇ ಯಾರು ಬೇಕಿತ್ತು ಅಂತ ಕೇಳಿ ಬಿಸಿಲಲ್ಲಿ ನಿಲ್ಲಿಸಿದೆ.

ಮ್ಯಾನೇಜರ್ ಶಿಶಿರ್ ಕರೆಸಿದರು. "ಲಕ್ಷ್ಮಿದೇವಿ, ಮನಸ್ಸೆಲ್ಲಿಟ್ಟಿದ್ದೀರಾ? ಕ್ಯಾಮೆರಾದಲ್ಲಿ ಎಲ್ಲಾ ಕಾಣ್ಸತ್ತೆ. ಒಬ್ಬರನ್ನ ಮಾತ್ರ ಬಿಡ್ತಿದ್ದೀರಾ. ನಾಳೆಯಿಂದ ಸರಿಯಾಗಿ ಚೆಕ್ ಮಾಡಿ, ಇಲ್ಲಾಂದ್ರೆ ಯೂನಿಫಾರ್ಮ್ ಕೊಟ್ಟು ಹೋಗಿ."

ಮರುದಿನ ಯಂಕಮ್ಮನ ಚೀಲದೊಳಗೆ ಕೈ ಹಾಕಿದೆ. ರೊಟ್ಟಿ ಕಟ್ಟಿದ್ದ ಬಟ್ಟೆಯನ್ನೂ ಬಿಚ್ಚಿದೆ. ಹಿಂದೆ ಸಾಲು ನಿಂತಿತ್ತು. ನಮ್ಮ ರಾಯಚೂರು ಕಡೆ ಇನ್ನೊಬ್ಬರ ಬುತ್ತಿ ಬಿಚ್ಚುವುದೆಂದರೆ ಜೊತೆಗೆ ಕೂತು ಉಣ್ಣಲಿಕ್ಕೆ.

"ಅದ್ರಾಗ ಎರಡು ನಿನ್ನವೇ ಅದಾವ," ಅಂದಳು ಯಂಕಮ್ಮ.

ಆ ಸಂಜೆ ಗೋಡೆಯಾಚೆ ಪಾತ್ರೆಗಳ ಸದ್ದು ಕೇಳಿತು. ಎಷ್ಟು ತಟ್ಟಿದರೂ ಯಂಕಮ್ಮ ಬಾಗಿಲು ತೆರೆಯಲಿಲ್ಲ. ಪಲ್ಯವನ್ನು ಅನ್ನಕ್ಕೆ ಕಲಸಿಕೊಂಡೆ. ಅಳು ಬಂತು. ಆಮೇಲೆ ದಿನಾ ಅದೇ ಊಟ, ನಾನೊಬ್ಬಳೇ.

ಕೆಲವು ದಿನ ಕಳೆದು ಓಲೆ ಅವರದೇ ಸೋಫಾದ ಸಂದಿಯಲ್ಲಿ ಸಿಕ್ಕಿತು. ಯಾರೂ ಕ್ಷಮೆ ಕೇಳಲಿಲ್ಲ. ಇನ್ನು ಚೀಲ ನೋಡುವುದು ಬೇಡ ಅಂದರು, ಅಷ್ಟೇ. ನನಗೋ ಕುಣಿಯುವಷ್ಟು ಖುಷಿ. ಯಂಕಮ್ಮನ ದಾರಿ ಕಾದೆ.

ಬಂದಳು. ಹೆಗಲಲ್ಲಿ ಚೀಲವೇ ಇರಲಿಲ್ಲ. ನನ್ನ ಮುಂದೆ ನಿಂತು ಎರಡೂ ಅಂಗೈ ಬಿಚ್ಚಿ ಹಿಡಿದಳು.

"ಬ್ಯಾಡವ್ವ, ಓಲೆ ಸಿಕ್ಕದ. ಇನ್ನ ಏನೂ ತೋರಿಸಬೇಕಿಲ್ಲ," ಅಂದೆ.

ಅವಳು ಕೈ ಇಳಿಸಲಿಲ್ಲ. ನನ್ನ ಹಾಳು ಕಣ್ಣು, ಚೆಕ್ ಮಾಡುವ ರೂಢಿಯಂತೆ ಆ ಅಂಗೈಗಳನ್ನು ನೋಡಿಯೇ ಬಿಟ್ಟಿತು.

ನಾನು ನೋಡಿದ್ದನ್ನು ಯಂಕಮ್ಮ ನೋಡಿದಳು. ಕೈ ಇಳಿಸಿ ಗೇಟು ದಾಟಿದಳು.